ತೆಗೆದುಹಾಕಿದ ಪುಟಗಳಿಗೆ 301, 404, 410: ಹಳೆಯ ಕನ್ನಡ ತಾಣದ ವಿಳಾಸಗಳನ್ನು ಏನು ಮಾಡುವುದು?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಿಂದ ಹೊರಡುವ ಸಣ್ಣ ಮಾಸಪತ್ರಿಕೆಯೊಂದರ ಜಾಲತಾಣವನ್ನು ನಾನು ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತೇನೆ. 2009ರಿಂದ 2014ರವರೆಗೆ ನಮ್ಮ ಲೇಖನಗಳ ವಿಳಾಸ ‘?ಪಿ=412’ ಎಂಬಂತೆ ಬರಿಯ ಅಂಕಿಯಲ್ಲಿತ್ತು. ಆಮೇಲೆ ಕನ್ನಡ ಶೀರ್ಷಿಕೆಯೇ ವಿಳಾಸವಾಯಿತು. ಈ ವರ್ಷ ವರ್ಡ್‌ಪ್ರೆಸ್ ಬಿಟ್ಟು, ಎನ್‌ಜಿನ್ಎಕ್ಸ್ ಎಂಬ ಸರ್ವರ್ ತಂತ್ರಾಂಶದ ಮೇಲೆ ನಡೆಯುವ ಸ್ಥಿರ ಪುಟಗಳ ತಾಣಕ್ಕೆ ಬಂದಿದ್ದೇವೆ. ಈ ಕೊನೆಯ ಬದಲಾವಣೆಯಲ್ಲಿ ಸುಮಾರು 1,900 ಹಳೆಯ ವಿಳಾಸಗಳು ಅನಾಥವಾದವು.

ಹೊಸ ತಾಣ ಕಟ್ಟಿಕೊಟ್ಟವರು ಒಂದೇ ಸಾಲಿನಲ್ಲಿ ಕೆಲಸ ಮುಗಿಸಿದ್ದರು: ಸಿಗದ ಪುಟ ಯಾವುದೇ ಇರಲಿ, ಓದುಗರನ್ನು 302 (‘ಸದ್ಯಕ್ಕೆ ಅಲ್ಲಿಗೆ ಹೋಗಿ’ ಎನ್ನುವ ಸರ್ವರ್ ಸಂಕೇತ) ಕೊಟ್ಟು ಮುಖಪುಟಕ್ಕೆ ಕಳುಹಿಸುವುದು. ಇದರ ಜೊತೆಗೆ ಹಳೆಯ ಕಡತಕೋಶಗಳನ್ನೆಲ್ಲ ರೋಬಾಟ್ಸ್ ಕಡತದಲ್ಲಿ (ಹುಡುಕುಯಂತ್ರಗಳ ಬಾಟ್ ಎಲ್ಲಿಗೆ ಬರಬಾರದು ಎಂದು ಹೇಳುವ ಕಡತ) ಡಿಸ್‌ಅಲೋ ಮಾಡಿದ್ದಾರೆ. ಎರಡು ತಿಂಗಳಾಯಿತು. ತಾಣದ ಪುಟಗಳ ಸ್ಥಿತಿ ತೋರಿಸುವ ಗೂಗಲ್ ಸರ್ಚ್ ಕನ್ಸೋಲಿನಲ್ಲಿ ‘ಸಾಫ್ಟ್ 404’ ಪಟ್ಟಿ ಬೆಳೆಯುತ್ತಲೇ ಇದೆ. ಹುಡುಕಿದರೆ ಸತ್ತ ಪುಟಗಳ ಶೀರ್ಷಿಕೆಗಳು ಇನ್ನೂ ಕಾಣುತ್ತವೆ. ಒತ್ತಿದವರು ಮುಖಪುಟದಲ್ಲಿ ಬಂದು ನಿಂತು, ‘ಲೇಖನ ಎಲ್ಲಿ?’ ಎಂದು ಸಂಪಾದಕರಿಗೆ ಫೋನ್ ಮಾಡುತ್ತಾರೆ.

ನನ್ನ ಮುಂದೆ ಮೂರು ಬಗೆಯ ಪುಟಗಳಿವೆ. ಹೊಸ ವಿಳಾಸದಲ್ಲಿ ಇನ್ನೂ ಇರುವ ಲೇಖನಗಳು, ಅವಧಿ ಮುಗಿದ ಕಾರ್ಯಕ್ರಮ ಪ್ರಕಟಣೆಗಳು ಮತ್ತು ಜಾಹೀರಾತುಗಳು, ಹಾಗೂ ಲೇಖಕರೇ ಕೇಳಿಕೊಂಡಿದ್ದರಿಂದ ಹಿಂತೆಗೆದುಕೊಂಡ ಏಳು ಬರಹಗಳು. ಎಲ್ಲಕ್ಕೂ 410 (ತೆಗೆದುಹಾಕಿದೆ) ಕೊಡಬಹುದೇ? ಅಥವಾ 404 (ಸಿಗಲಿಲ್ಲ) ಸಾಕೇ? ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ರಾತ್ರಿಪಾಳಿ

ಮೊದಲು ರೋಬಾಟ್ಸ್ ಕಡತದ ಆ ಡಿಸ್‌ಅಲೋ ಸಾಲುಗಳನ್ನು ಇವತ್ತೇ ತೆಗೆಯಿರಿ, ಉಳಿದದ್ದೆಲ್ಲ ಆಮೇಲೆ. ಬಾಗಿಲಿಗೆ ಬರಲೇಬೇಡ ಎಂದು ಹೇಳಿದ ಮೇಲೆ ‘ಈ ಮನೆ ಖಾಲಿಯಾಗಿದೆ’ ಎಂದು ಒಳಗೆ ಹಾಕಿದ ಫಲಕವನ್ನು ಅವನು ಓದುವುದಾದರೂ ಹೇಗೆ? ಗೂಗಲ್‌ಬಾಟ್ ಆ ವಿಳಾಸವನ್ನು ಕೇಳಲಾರದು; ಕೇಳದಿದ್ದರೆ ನೀವು ಕೊಡುವ 410 ಅದಕ್ಕೆ ತಲುಪದು; ಹೀಗಾಗಿ ಹಳೆಯ ಶೀರ್ಷಿಕೆ ಸೂಚಿಯಲ್ಲಿ ಹಾಗೆಯೇ ಉಳಿಯುತ್ತದೆ. ತೆಗೆದ ಪುಟಗಳನ್ನು ಅಡಗಿಸಲು ರೋಬಾಟ್ಸ್ ಕಡತವನ್ನು ಬಳಸುವುದು ನಾನು ಅತಿ ಹೆಚ್ಚು ಬಾರಿ ಕಂಡ ತಪ್ಪು.

ಎರಡನೆಯದು ಮುಖಪುಟಕ್ಕೆ ಕಳುಹಿಸುವ ಅಭ್ಯಾಸ. ಇದು ಸೌಜನ್ಯದಂತೆ ಕಾಣುತ್ತದೆ, ಆದರೆ ಸುಳ್ಳು ಉತ್ತರ. ‘ನೀವು ಕೇಳಿದ್ದು ಅಲ್ಲಿದೆ’ ಎಂದು ಹೇಳಿ ಬೇರೆಯದನ್ನು ತೋರಿಸಿದಂತೆ. ಗೂಗಲ್ ಇಂಥ ಸಾಮೂಹಿಕ ಮರುನಿರ್ದೇಶನವನ್ನು ಸಾಫ್ಟ್ 404 ಎಂದು ಪರಿಗಣಿಸುವುದು ಇದಕ್ಕೇ: ಸರ್ವರ್ ಯಶಸ್ಸಿನ ಸಂಕೇತ ಕೊಡುತ್ತಿದೆ, ಪುಟ ಮಾತ್ರ ಕೇಳಿದ್ದಲ್ಲ. ಮೇಲಾಗಿ 302 ಎಂದರೆ ತಾತ್ಕಾಲಿಕ. ಹಳೆಯ ವಿಳಾಸವನ್ನೇ ನೆನಪಿಟ್ಟುಕೊಳ್ಳಿ ಎಂದು ನೀವೇ ಎರಡು ತಿಂಗಳಿಂದ ಹೇಳುತ್ತಿದ್ದೀರಿ.

ಈಗ ನಿಮ್ಮ ಮೂರು ರಾಶಿಗಳು. ಹೊಸ ವಿಳಾಸದಲ್ಲಿರುವ ಲೇಖನಕ್ಕೆ 301, ಅಂದರೆ ಶಾಶ್ವತ ಮರುನಿರ್ದೇಶನ, ಒಂದಕ್ಕೆ ಒಂದು, ಅದೇ ಲೇಖನಕ್ಕೆ. ಅವಧಿ ಮುಗಿದ ಪ್ರಕಟಣೆಗೆ 410. ಎಚ್‌ಟಿಟಿಪಿ ನಿಯಮವೇ (ಜೂನ್ 2022ರ ಆರ್‌ಎಫ್‌ಸಿ 9110) ಸೀಮಿತ ಅವಧಿಯ ಪ್ರಚಾರ ಪುಟಗಳನ್ನು 410ರ ಸಹಜ ಸಂದರ್ಭವೆಂದು ಹೆಸರಿಸುತ್ತದೆ. ಪುಟ ಹೋದದ್ದು ಶಾಶ್ವತವೋ ಅಲ್ಲವೋ ಎಂಬುದು ಸರ್ವರಿಗೆ ಗೊತ್ತಿಲ್ಲದಿದ್ದರೆ 404 ಕೊಡಬೇಕು ಎಂದೂ ಅಲ್ಲೇ ಇದೆ. ಅಂದರೆ 404 ‘ನನಗೆ ಗೊತ್ತಿಲ್ಲ’ ಎನ್ನುತ್ತದೆ, 410 ‘ಇತ್ತು, ತೆಗೆದಿದ್ದೇವೆ, ಮತ್ತೆ ಕೇಳಬೇಡಿ’ ಎನ್ನುತ್ತದೆ. ನಿಮಗೆ ಗೊತ್ತಿರುವುದನ್ನಷ್ಟೇ ಹೇಳಿ. ಎಲ್ಲಕ್ಕೂ ಕಣ್ಣು ಮುಚ್ಚಿ 410 ಬೇಡ. ಯಾರೋ ತಪ್ಪಾಗಿ ಬೆರಳಚ್ಚಿಸಿದ, ಎಂದೂ ಇರದಿದ್ದ ವಿಳಾಸಕ್ಕೆ ‘ತೆಗೆದಿದ್ದೇವೆ’ ಎನ್ನುವುದೂ ಸುಳ್ಳೇ.

ಹುಡುಕಾಟದ ದೃಷ್ಟಿಯಿಂದ 404ಕ್ಕೂ 410ಕ್ಕೂ ಅಜಗಜಾಂತರವಿದೆ ಎಂದು ಹೇಳುವವರ ಮಾತಿಗೆ ಬೆಲೆ ಕೊಡಬೇಡಿ. 429 (ಕೋರಿಕೆಗಳು ಅತಿಯಾದವು ಎನ್ನುವ ಸಂಕೇತ) ಒಂದನ್ನು ಬಿಟ್ಟರೆ 4ರಿಂದ ಆರಂಭವಾಗುವ ಸಂಕೇತಗಳನ್ನೆಲ್ಲ ಒಂದೇ ರೀತಿ ನೋಡುತ್ತೇವೆ ಎಂದು ಗೂಗಲ್‌ನ ದಾಖಲೆಗಳೇ ಹೇಳುತ್ತವೆ. 410ರ ಲಾಭ ಬೇರೆ ಕಡೆ ಇದೆ: ಮುಂದಿನ ವರ್ಷ ಸರ್ವರಿಗೆ ಬಂದ ಕೋರಿಕೆಗಳ ಲಾಗ್ ತೆರೆದಾಗ ಯಾವುದು ಉದ್ದೇಶಪೂರ್ವಕ, ಯಾವುದು ನಿಜವಾದ ದೋಷ ಎಂಬುದು ನಿಮಗೇ ಒಂದು ನೋಟದಲ್ಲಿ ತಿಳಿಯುತ್ತದೆ.

ಎನ್‌ಜಿನ್ಎಕ್ಸ್‌ನಲ್ಲಿ 1,900 ಲೊಕೇಶನ್ ಬ್ಲಾಕ್ (ಒಂದೊಂದು ವಿಳಾಸಕ್ಕೂ ಬೇರೆ ನಿಯಮ) ಬರೆಯುವ ಅಗತ್ಯವಿಲ್ಲ. ‘ಮ್ಯಾಪ್’ ಎಂಬ ನಿರ್ದೇಶನ ಇರುವುದೇ ಇದಕ್ಕೆ. ನಿರ್ದೇಶನಗಳ ಹೆಸರನ್ನು ಇಲ್ಲಿ ಉಚ್ಚಾರದಂತೆ ಬರೆಯುತ್ತಿದ್ದೇನೆ, ಕಡತದಲ್ಲಿ ಅವು ರೋಮನ್ ಲಿಪಿಯಲ್ಲೇ ಇರಬೇಕು. ಎರಡು ಮ್ಯಾಪ್ ಮಾಡಿ: ಒಂದು ಹಳೆಯ ವಿಳಾಸದಿಂದ ಹೊಸ ವಿಳಾಸಕ್ಕೆ, ಇನ್ನೊಂದು ತೆಗೆದ ವಿಳಾಸದಿಂದ 1 ಎಂಬ ಬೆಲೆಗೆ. ಎರಡನ್ನೂ ಎಚ್‌ಟಿಟಿಪಿ ಬ್ಲಾಕಿನಲ್ಲೇ ಇಡಬೇಕು, ಸರ್ವರ್ ಬ್ಲಾಕಿನೊಳಗೆ ಅದು ನಡೆಯದು. ಪಟ್ಟಿಯನ್ನು ಪ್ರತ್ಯೇಕ ಕಡತದಲ್ಲಿಟ್ಟು ‘ಇನ್‌ಕ್ಲೂಡ್’ ಮಾಡಿದರೆ ಸಂಪಾದಕರೂ ತಿದ್ದಬಹುದು. ಆಮೇಲೆ ಸರ್ವರ್ ಬ್ಲಾಕಿನಲ್ಲಿ ಎರಡೇ ಷರತ್ತುಗಳು: ಹೊಸ ವಿಳಾಸ ಖಾಲಿಯಲ್ಲದಿದ್ದರೆ ‘ರಿಟರ್ನ್ 301’ ಮತ್ತು ಆ ವಿಳಾಸ, ತೆಗೆದ ಪಟ್ಟಿಯಲ್ಲಿದ್ದರೆ ‘ರಿಟರ್ನ್ 410’. ಮುಖಪುಟಕ್ಕೆ ತಳ್ಳುವ ಆ ಒಂದು ಸಾಲನ್ನು ಅಳಿಸಿಬಿಡಿ, ಪಟ್ಟಿಯಲ್ಲಿ ಇಲ್ಲದ್ದಕ್ಕೆ 404 ತಾನಾಗಿ ಬರುತ್ತದೆ.

‘?ಪಿ=412’ ಬಗೆಯ ವಿಳಾಸಗಳಿಗೆ ಮೂರನೆಯ ಮ್ಯಾಪ್ ಬೇಕು. ಪ್ರಶ್ನೆಚಿಹ್ನೆಯ ನಂತರದ ಭಾಗ ಯೂಆರ್‌ಐ ಎಂಬ ಚರದಲ್ಲಿ ಇರುವುದಿಲ್ಲ, ಲೊಕೇಶನ್ ಬ್ಲಾಕಿಗೂ ಕಾಣುವುದಿಲ್ಲ. ಅದಕ್ಕೆ ‘ಆರ್ಗ್_ಪಿ’ ಎಂಬ ಚರವನ್ನೇ ಮ್ಯಾಪ್ ಮಾಡಬೇಕು.

ಗ್ರಂಥಾಲಯ_ಮೂಲೆ

ರಾತ್ರಿಪಾಳಿಯವರು ಹೇಳಿದ್ದು ತಾಂತ್ರಿಕವಾಗಿ ಸರಿಯಿದೆ, ಆದರೆ ಅವರು ಆ ಏಳು ಬರಹಗಳನ್ನು ಮಾತಿಲ್ಲದೆ ದಾಟಿಬಿಟ್ಟರು. ನನ್ನ ಮಟ್ಟಿಗೆ ಈ ಚರ್ಚೆಯ ಕಠಿಣ ಭಾಗ ಅದೇ.

ಪತ್ರಿಕೆಯ ಲೇಖನ ಜಾಹೀರಾತಿನಂತಲ್ಲ. ಯಾರೋ ಅದನ್ನು ಉಲ್ಲೇಖಿಸಿರುತ್ತಾರೆ, ಪ್ರಬಂಧದ ಅಡಿಟಿಪ್ಪಣಿಯಲ್ಲಿ ಅದರ ವಿಳಾಸ ಅಚ್ಚಾಗಿರುತ್ತದೆ. ಅಡಿಟಿಪ್ಪಣಿ ಹಿಡಿದು ಬಂದವರಿಗೆ ‘410 ಗಾನ್’ ಎಂಬ ಎರಡು ಪದ ಮಾತ್ರ ಸಿಕ್ಕರೆ, ಅಂಥ ಲೇಖನ ಇತ್ತೋ ಇಲ್ಲವೋ, ಉಲ್ಲೇಖಿಸಿದವರೇ ಸುಳ್ಳು ಹೇಳಿದರೋ ಎಂಬ ಅನುಮಾನ ಉಳಿಯುತ್ತದೆ. ಸಂಶೋಧನಾ ದತ್ತಾಂಶದ ಭಂಡಾರಗಳಲ್ಲಿ ಇದಕ್ಕೊಂದು ಒಳ್ಳೆಯ ರೂಢಿಯಿದೆ, ‘ಟೂಂಬ್‌ಸ್ಟೋನ್ ಪುಟ’ ಎನ್ನುತ್ತಾರೆ. ನಮ್ಮಲ್ಲಿ ಇದನ್ನು ಮಾಸ್ತಿಗಲ್ಲು, ವೀರಗಲ್ಲುಗಳ ಸಾಲಿಗೆ ಸೇರಿಸಬಹುದೇನೋ. ವಸ್ತು ಹೋಗಿರುತ್ತದೆ, ಇತ್ತು ಎಂಬ ಗುರುತು ನಿಂತಿರುತ್ತದೆ. ಶೀರ್ಷಿಕೆ, ಪ್ರಕಟವಾದ ಸಂಚಿಕೆ, ‘ಲೇಖಕರ ಕೋರಿಕೆಯಂತೆ ಹಿಂತೆಗೆದುಕೊಳ್ಳಲಾಗಿದೆ’ ಎಂಬ ಒಂದು ಸಾಲು, ಹಿಂತೆಗೆದುಕೊಂಡ ದಿನಾಂಕ. ಇಷ್ಟನ್ನು ಓದುಗರಿಗೆ ತೋರಿಸಿ, ಸಂಕೇತ ಮಾತ್ರ 410 ಇರಲಿ.

ಲೇಖಕರಿಗೆ ಶೀರ್ಷಿಕೆಯೂ ಉಳಿಯುವುದು ಇಷ್ಟವಿಲ್ಲದಿದ್ದರೆ ಅದನ್ನೂ ಬಿಡಿ. ಆದರೆ ಈ ನಿರ್ಧಾರ ಸಂಪಾದಕರದ್ದಾಗಿರಬೇಕು. ಸರ್ವರ್ ನೋಡಿಕೊಳ್ಳುವವರು ರಾತ್ರಿ ಹನ್ನೊಂದಕ್ಕೆ ಒಬ್ಬರೇ ಕೂತು ತೆಗೆದುಕೊಳ್ಳುವಂಥದ್ದಲ್ಲ.

ರಾತ್ರಿಪಾಳಿ

ಒಪ್ಪಿದೆ. ರಾತ್ರಿ ಹನ್ನೊಂದಕ್ಕೆ ನಿರ್ಧಾರ ಮಾಡುವವನು ನಾನೇ ಆದ್ದರಿಂದ ಮಾತು ನೇರವಾಗಿ ತಗುಲಿತು.

ತುಂಗಾತೀರ

ಇಬ್ಬರಿಗೂ ಧನ್ಯವಾದ. ರೋಬಾಟ್ಸ್ ಕಡತ ಸರಿಪಡಿಸಿದೆ. ಮ್ಯಾಪ್ ಬರೆದೆ. ಆದರೆ ಮೂರು ಕಡೆ ಸಿಕ್ಕಿಬಿದ್ದಿದ್ದೇನೆ.

ಮೊದಲನೆಯದಾಗಿ, ‘ಎನ್‌ಜಿನ್ಎಕ್ಸ್ -ಟಿ’ ಎಂದು ಪರೀಕ್ಷಿಸಿದ ಕೂಡಲೇ ಮ್ಯಾಪ್ ಹ್ಯಾಶ್ (ಬೇಗ ಹುಡುಕಲು ಅದು ಮಾಡಿಕೊಳ್ಳುವ ಕೋಷ್ಟಕ) ಕಟ್ಟಲಾಗಲಿಲ್ಲ, ‘ಮ್ಯಾಪ್_ಹ್ಯಾಶ್_ಬಕೆಟ್_ಸೈಜ್’ 64 ಇದೆ, ಹೆಚ್ಚಿಸಿ ಎಂಬ ದೋಷ ಬಂತು. ಎರಡನೆಯದಾಗಿ, ಒಂದೇ ಸಾಲನ್ನಿಟ್ಟು ನೋಡಿದಾಗ ಅಂಕಿಯ ವಿಳಾಸಗಳು ಸರಿಯಾಗಿ ಹೋಗುತ್ತವೆ, ಕನ್ನಡ ವಿಳಾಸಗಳು ಹೊಂದಾಣಿಕೆಯಾಗುವುದೇ ಇಲ್ಲ. ಲಾಗಿನಿಂದ ನಕಲು ಮಾಡಿದ ‘%ಇ0%ಬಿ2%95’ ಮಾದರಿಯ ಸಾಲುಗಳನ್ನೇ ಮ್ಯಾಪಿನ ಎಡಗಡೆ ಹಾಕಿದ್ದೇನೆ. ಮೂರನೆಯದಾಗಿ, ಗ್ರಂಥಾಲಯ_ಮೂಲೆಯವರ ಮಾತಿನಂತೆ ಸುಂದರವಾದ 410 ಪುಟವೊಂದನ್ನು ಮಾಡಿ ‘ಎರರ್_ಪೇಜ್ 410’ ಎಂದು ತೋರಿಸಿದರೂ ಎನ್‌ಜಿನ್ಎಕ್ಸ್‌ನ ಬೋಳು ಬಿಳಿ ಪುಟವೇ ಬರುತ್ತಿದೆ.

ಕಪ್ಪುಪರದೆ

ಮೂರಕ್ಕೂ ಉತ್ತರವಿದೆ, ಮತ್ತು ಮೊದಲ ಎರಡು ಕನ್ನಡದ್ದೇ ವಿಶೇಷ. ಇಂಗ್ಲಿಷ್ ತಾಣ ನಡೆಸುವವರಿಗೆ ಇವು ಸುಲಭಕ್ಕೆ ಎದುರಾಗುವುದಿಲ್ಲ.

ಯೂನಿಕೋಡಿನ ಪ್ರತಿ ಕನ್ನಡ ಅಂಶವೂ ಯೂಟಿಎಫ್-8 ಎಂಬ ಸಂಕೇತೀಕರಣದಲ್ಲಿ 3 ಬೈಟ್. ವಿಳಾಸದಲ್ಲಿ ಸಾಗುವಾಗ ಪ್ರತಿ ಬೈಟೂ ಶೇಕಡಾ ಚಿಹ್ನೆ ಮತ್ತು ಎರಡು ಅಂಕಿಗಳಾಗುವುದರಿಂದ ಒಂದು ಅಂಶ 9 ಅಕ್ಷರ ನುಂಗುತ್ತದೆ. ‘ಕ’ ಎಂಬುದು ನೀವು ಬರೆದ ಆ ‘%ಇ0%ಬಿ2%95’. ಒತ್ತಕ್ಷರ, ಕಾಗುಣಿತ ಎಲ್ಲವೂ ಬೇರೆ ಬೇರೆ ಅಂಶಗಳು. ‘ವಿಶ್ವವಿದ್ಯಾಲಯ’ ಎಂಬ ಒಂದು ಪದವೇ 13 ಅಂಶ, 117 ಅಕ್ಷರ. ಬಕೆಟ್ ಗಾತ್ರ 64 ಬೈಟಿನಲ್ಲಿ ಅದು ಹೇಗೆ ಹಿಡಿದೀತು? 256ಕ್ಕೆ ಏರಿಸಿ, ಸಾಲದಿದ್ದರೆ 512. ಇದರಿಂದ ಹಾನಿಯೇನೂ ಇಲ್ಲ.

ಹೊಂದಾಣಿಕೆಯ ಸಮಸ್ಯೆ ಚರದ ಆಯ್ಕೆಯದು. ಎನ್‌ಜಿನ್ಎಕ್ಸ್‌ನಲ್ಲಿ ‘ರಿಕ್ವೆಸ್ಟ್_ಯೂಆರ್‌ಐ’ ಎಂಬುದು ಬ್ರೌಸರ್ ಕಳುಹಿಸಿದ್ದು ಕಳುಹಿಸಿದಂತೆಯೇ ಇರುತ್ತದೆ, ಶೇಕಡಾ ಚಿಹ್ನೆಗಳ ಸಮೇತ. ‘ಯೂಆರ್‌ಐ’ ಎಂಬುದು ಬಿಡಿಸಿದ ರೂಪ, ಅಂದರೆ ನಿಜವಾದ ಕನ್ನಡ ಅಕ್ಷರಗಳು. ನೀವು ಯೂಆರ್‌ಐಯನ್ನು ಮ್ಯಾಪ್ ಮಾಡಿ ಎಡಗಡೆ ಶೇಕಡಾ ರೂಪ ಹಾಕಿದ್ದೀರಿ, ಎರಡೂ ಎಂದಿಗೂ ಭೇಟಿಯಾಗವು. ಎಡಗಡೆ ಕನ್ನಡದಲ್ಲೇ ಬರೆಯಿರಿ, ಕಡತವನ್ನು ಯೂಟಿಎಫ್-8ರಲ್ಲಿ ಉಳಿಸಿ. ಓದಲೂ ಚೆನ್ನ, ಸಂಪಾದಕರು ತಿದ್ದಲೂ ಚೆನ್ನ. ಬಲಗಡೆ, ಅಂದರೆ ಹೊಸ ವಿಳಾಸದಲ್ಲಿ ಕನ್ನಡ ಇದ್ದರೆ, ಅದನ್ನು ಮಾತ್ರ ಶೇಕಡಾ ರೂಪದಲ್ಲೇ ಇಡಬೇಕು. ‘ರಿಟರ್ನ್’ ನೀವು ಕೊಟ್ಟಿದ್ದನ್ನು ಹಾಗೆಯೇ ಲೊಕೇಶನ್ ಹೆಡರಿಗೆ (ಉತ್ತರದಲ್ಲಿ ಹೊಸ ವಿಳಾಸ ಹೊತ್ತ ಸಾಲು) ಹಾಕುತ್ತದೆ, ಶೇಕಡಾ ರೂಪಕ್ಕೆ ಸುತ್ತಿಕೊಡುವುದಿಲ್ಲ. ಹೆಡರಿನ ವಿಳಾಸದಲ್ಲಿ ಹಸಿ ಕನ್ನಡ ಬೈಟುಗಳು ಇರಕೂಡದು. ಇದೇ ಕಾರಣಕ್ಕೆ ‘ರಿಟರ್ನ್ 301’ ಮುಂದೆ ಯೂಆರ್‌ಐ ಚರವನ್ನು ನೇರವಾಗಿ ಜೋಡಿಸುವುದು ಅಪಾಯವೂ ಹೌದು. ಯಾರಾದರೂ ವಿಳಾಸದಲ್ಲಿ ಸಾಲುಮುರಿವಿನ ಸಂಕೇತ ತುರುಕಿದರೆ ಅದು ಬಿಚ್ಚಿಕೊಂಡು ಹೆಡರಿನೊಳಗೆ ಹೊಸ ಸಾಲಾಗಿ ಬೀಳುತ್ತದೆ. ಹಾಗೆ ಜೋಡಿಸಲೇಬೇಕಾದಲ್ಲಿ ರಿಕ್ವೆಸ್ಟ್_ಯೂಆರ್‌ಐ ಬಳಸಬೇಕು.

ಮೂರನೆಯದು ನನ್ನನ್ನೂ ಒಂದು ಇಡೀ ಮಧ್ಯಾಹ್ನ ಕಾಡಿದ್ದು. ನಿಮ್ಮ 410ರ ಷರತ್ತು ಸರ್ವರ್ ಮಟ್ಟದಲ್ಲಿದೆ. ಎರರ್_ಪೇಜ್ ಒಂದು ಕಡತಕ್ಕೆ ತೋರಿಸಿದಾಗ ಎನ್‌ಜಿನ್ಎಕ್ಸ್ ಒಳಗೊಳಗೇ ಆ ಕಡತಕ್ಕೆ ಮರುನಿರ್ದೇಶಿಸುತ್ತದೆ, ಆಗ ಸರ್ವರ್ ಮಟ್ಟದ ಷರತ್ತುಗಳು ಇನ್ನೊಮ್ಮೆ ನಡೆಯುತ್ತವೆ. ಮ್ಯಾಪಿನ ಬೆಲೆ ಮೊದಲ ಸಲ ಲೆಕ್ಕ ಹಾಕಿದ್ದೇ ಆ ಕೋರಿಕೆಯ ಉದ್ದಕ್ಕೂ ನೆನಪಿನಲ್ಲಿರುತ್ತದೆ. ಹೀಗಾಗಿ ದೋಷಪುಟಕ್ಕೆ ಹೋಗುವ ದಾರಿಯಲ್ಲೂ ಮತ್ತೆ 410 ಬಂದು, ಅದು ಸೋತು ತನ್ನ ಬೋಳು ಪುಟವನ್ನು ಕೊಡುತ್ತದೆ. ಹೆಸರಿಟ್ಟ ಲೊಕೇಶನ್ ಬಳಸಿ: ‘ಎರರ್_ಪೇಜ್ 410 @ಹಿಂತೆಗೆದ’ ಎಂಬಂತೆ, ಆಟ್ ಚಿಹ್ನೆಯ ಹೆಸರು ಯಾವುದಾದರೂ ಆಗಲಿ. ಆ ಲೊಕೇಶನ್ನಿನೊಳಗೆ ‘ರೀರೈಟ್’ ಮಾಡಿ, ಕೊನೆಗೆ ‘ಬ್ರೇಕ್’ ಹಾಕಿ ಪುಟದ ಕಡತವನ್ನು ತೋರಿಸಿ. ಹೆಸರಿಟ್ಟ ಲೊಕೇಶನ್ನಿಗೆ ಹೋಗುವಾಗ ಸರ್ವರ್ ಮಟ್ಟದ ಷರತ್ತುಗಳು ಮತ್ತೆ ಓಡುವುದಿಲ್ಲ, ಸಂಕೇತ 410 ಆಗಿಯೇ ಉಳಿಯುತ್ತದೆ.

ಎರರ್_ಪೇಜ್ ಸಾಲಿನಲ್ಲಿ ಸಮಚಿಹ್ನೆ ಹಾಕಿ 200 ಎಂದು ಬರೆಯುವ ಸಲಹೆ ಎಲ್ಲಾದರೂ ಕಂಡರೆ ದೂರವಿರಿ. ಚಂದದ ಪುಟ ಬರುತ್ತದೆ, ಸಂಕೇತ ಸುಳ್ಳಾಗುತ್ತದೆ, ಮೊದಲಿದ್ದ ಸಾಫ್ಟ್ 404 ಮತ್ತೆ ಮನೆಗೆ ಬರುತ್ತದೆ.

ಗ್ರಂಥಾಲಯ_ಮೂಲೆ

ಕಪ್ಪುಪರದೆಯವರು ಅಕ್ಷರಗಳ ಮಾತೆತ್ತಿದ್ದರಿಂದ ಒಂದು ಪೂರಕ ಪ್ರಶ್ನೆ. ನಮ್ಮ ಗ್ರಂಥಾಲಯದ ಪಟ್ಟಿಯಲ್ಲಿ ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಕನ್ನಡ ವಿಳಾಸಗಳು ಬೇರೆ ಬೇರೆ ಪುಟ ತೆರೆದದ್ದುಂಟು. ಇದೇಕೆ?

ಕಪ್ಪುಪರದೆ

ಎರಡು ಕಾರಣಗಳಿರಬಹುದು.

ಒಂದು, ಅರ್ಧಾಕ್ಷರದ ಮುಂದೆ ಬರುವ ಶೂನ್ಯಗಾತ್ರದ ಬಿಡಿಸುವಿಕೆ, ಕೀಲಿಮಣೆಯವರು ಝಡ್‌ಡಬ್ಲ್ಯೂಎನ್‌ಜೆ ಎನ್ನುವುದು. ‘ರಾಜ್‌ಕುಮಾರ್’ ಎಂಬುದರ ನಡುವೆ ಅದಿಲ್ಲದಿದ್ದರೆ ಜಕಾರಕ್ಕೆ ಕಕಾರದ ಒತ್ತು ಬೀಳುವುದರಿಂದ ಕಣ್ಣಿಗೆ ಗೊತ್ತಾಗುತ್ತದೆ. ಆದರೆ ಪದದ ಕೊನೆಯ ಅರ್ಧಾಕ್ಷರದ ನಂತರ ಅದು ಕೂತಿದ್ದರೆ ಯಾರಿಗೂ ಕಾಣುವುದಿಲ್ಲ. ವಿಳಾಸದಲ್ಲಿ ಮಾತ್ರ ‘%ಇ2%80%8ಸಿ’ ಎಂಬ ಬಾಲ ಅಂಟಿಕೊಂಡಿರುತ್ತದೆ.

ಎರಡು, ದೀರ್ಘ ಸ್ವರಗಳು. ‘ಕೋ’ ಎಂಬುದನ್ನು ಯೂನಿಕೋಡಿನಲ್ಲಿ ಕಕಾರ ಮತ್ತು ಓತ್ವ ಎಂದು 2 ಅಂಶಗಳಲ್ಲಿ ಬರೆಯಬಹುದು, ಅಥವಾ ಬಿಡಿಸಿ ಕಕಾರ, ಎತ್ವ, ಊಕಾರದ ಕೊಂಬು, ದೀರ್ಘದ ಗುರುತು ಎಂದು 4 ಅಂಶಗಳಲ್ಲೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಬೈಟುಗಳಲ್ಲಿ ಒಂದು 6, ಇನ್ನೊಂದು 12. ಆಪಲ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಕಡತವ್ಯವಸ್ಥೆ ಹೆಸರುಗಳನ್ನು ಬಿಡಿಸಿದ ರೂಪದಲ್ಲಿ ಉಳಿಸುತ್ತಿತ್ತು; ಅಂಥ ಗಣಕದ ಮೂಲಕ ಹಾದುಬಂದ ಕಡತಗಳ ಹೆಸರಿನಲ್ಲಿ ಇದು ಸಿಗುತ್ತದೆ. ಪಟ್ಟಿಯನ್ನು ಮ್ಯಾಪಿಗೆ ಹಾಕುವ ಮುನ್ನ ಎಲ್ಲವನ್ನೂ ಕೂಡಿಸಿದ ರೂಪಕ್ಕೆ, ಅಂದರೆ ಎನ್‌ಎಫ್‌ಸಿಗೆ, ತಂದುಕೊಳ್ಳಿ. ಹಳೆಯ ತಾಣ ನಿಜವಾಗಿ ಬಿಡಿಸಿದ ರೂಪದ ವಿಳಾಸವನ್ನೇ ಪ್ರಕಟಿಸಿದ್ದರೆ ಮಾತ್ರ ಅದಕ್ಕೂ ಒಂದು ಪ್ರತ್ಯೇಕ ಸಾಲು ಬೇಕು. ಕಣ್ಣನ್ನು ನಂಬಬೇಡಿ, ಲಾಗನ್ನು ನಂಬಿ.

ಅಡಿಕೆತೋಟ

ನನ್ನದು ಹಂಚಿಕೆಯ ಹೋಸ್ಟಿಂಗ್, ಸರ್ವರ್ ತಂತ್ರಾಂಶ ಅಪಾಚಿ, ಕೈಯಲ್ಲಿರುವುದು ಅದಕ್ಕೆ ಸೂಚನೆ ಬರೆಯುವ ಎಚ್‌ಟಿಆಕ್ಸೆಸ್ ಕಡತವೊಂದೇ. ನನ್ನಂಥವರು ಇನ್ನೂ ಬಹಳ ಜನ ಇದ್ದಾರೆ ಎಂದುಕೊಂಡು ಬರೆಯುತ್ತಿದ್ದೇನೆ.

ಅಪಾಚಿಯಲ್ಲಿ ಸುಲಭದ ದಾರಿ ‘ರಿಡೈರೆಕ್ಟ್ ಗಾನ್’ ಎಂದು ಬರೆದು ಮುಂದೆ ಹಳೆಯ ಹಾದಿಯನ್ನು ಕೊಡುವುದು, ಅಷ್ಟೇ 410. ಗುರಿ ವಿಳಾಸ ಕೊಡಕೂಡದು. ಆದರೆ ಇದು ಪೂರ್ವಭಾಗದ ಹೊಂದಾಣಿಕೆ ಎಂಬುದು ನೆನಪಿರಲಿ. ‘/ಪ್ರಕಟಣೆ’ ಎಂದು ಕೊಟ್ಟರೆ ಅದರ ಕೆಳಗಿನ ‘/ಪ್ರಕಟಣೆ/2012’ ಕೂಡ ಹೋಗುತ್ತದೆ.

ನಾನು ಎಡವಿದ್ದು ‘ರಿಡೈರೆಕ್ಟ್‌ಮ್ಯಾಚ್’ನಲ್ಲಿ. ಹಬ್ಬದ ವಿಶೇಷ ರಿಯಾಯಿತಿಯ ಪುಟವನ್ನು ತೆಗೆಯಲು ‘^/ಹಬ್ಬ’ ಎಂಬ ನಮೂನೆಗೆ ಗಾನ್ ಕೊಟ್ಟು, ಕೊನೆಯಲ್ಲಿ ಡಾಲರ್ ಚಿಹ್ನೆ ಹಾಕಲು ಮರೆತೆ. ‘/ಹಬ್ಬದಡುಗೆ’ ಎಂಬ ಇಡೀ ಅಂಕಣ ಒಂಬತ್ತು ದಿನ 410 ಕೊಡುತ್ತಿತ್ತು. ಗೌರಿ ಹಬ್ಬದ ಹಿಂದಿನ ಸಂಜೆ ನನ್ನ ಅತ್ತಿಗೆ ‘ನಿನ್ನ ತಾಣದಲ್ಲಿ ಹೋಳಿಗೆ ಮಾಡುವ ವಿಧಾನ ಹಾರಿಹೋಗಿದೆಯಲ್ಲೋ’ ಎಂದು ಫೋನ್ ಮಾಡುವ ತನಕ ನನಗೆ ಗೊತ್ತಾಗಲಿಲ್ಲ.

ಇನ್ನೆರಡು ಮಾತು. ‘ಎರರ್‌ಡಾಕ್ಯುಮೆಂಟ್ 410’ ಎಂದ ಮೇಲೆ ಸ್ಲ್ಯಾಷಿನಿಂದ ಆರಂಭವಾಗುವ ಸ್ಥಳೀಯ ಹಾದಿಯನ್ನೇ ಕೊಡಿ. ಎಚ್‌ಟಿಟಿಪಿಯಿಂದ ಹಿಡಿದು ಪೂರ್ತಿ ವಿಳಾಸ ಕೊಟ್ಟರೆ ಅಪಾಚಿ 410ರ ಬದಲು ಮರುನಿರ್ದೇಶನ ಕಳುಹಿಸುತ್ತದೆ, ಮೂಲ ಸಂಕೇತ ಕಳೆದುಹೋಗುತ್ತದೆ. ಮತ್ತು ‘ರೀರೈಟ್‌ರೂಲ್’ ಪ್ರಶ್ನೆಚಿಹ್ನೆಯ ನಂತರದ್ದನ್ನು ನೋಡುವುದಿಲ್ಲ; ಅದಕ್ಕೆ ‘ರೀರೈಟ್‌ಕಾಂಡ್’ನಲ್ಲಿ ಕ್ವೆರಿ_ಸ್ಟ್ರಿಂಗ್ ಪರೀಕ್ಷಿಸಬೇಕು, ಜೊತೆಗೆ ಹಳೆಯ ‘ಪಿ=412’ ಹೊಸ ವಿಳಾಸಕ್ಕೂ ಅಂಟಿಕೊಂಡು ಬರದಂತೆ ಕ್ಯೂಎಸ್‌ಡಿ ಧ್ವಜ (ಫ್ಲ್ಯಾಗ್) ಹಾಕಬೇಕು.

ಕಪ್ಪುಪರದೆ

ಅಪಾಚಿಯಲ್ಲಿ ಕನ್ನಡದ ಗುರಿ ವಿಳಾಸಕ್ಕೆ ಇನ್ನೊಂದು ಗುಂಡಿ ಇದೆ. ರೀರೈಟ್‌ರೂಲಿನ ಬಲಗಡೆ ಶೇಕಡಾ ರೂಪ ಬರೆದರೆ, ಅದು ಶೇಕಡಾ ಚಿಹ್ನೆಯನ್ನೇ ಮತ್ತೊಮ್ಮೆ ಸುತ್ತಿ ‘%25ಇ0’ ಮಾಡಿಬಿಡುತ್ತದೆ, ಪುಟ ಸಿಗುವುದಿಲ್ಲ. ಎನ್‌ಇ ಧ್ವಜ ಹಾಕಿದರೆ ಆ ಎರಡನೆಯ ಸುತ್ತು ನಿಲ್ಲುತ್ತದೆ. ಅಷ್ಟರಿಂದಲೂ ಮುಗಿಯಲಿಲ್ಲ: ಬಲಗಡೆ ಶೇಕಡಾ ಚಿಹ್ನೆಯ ಮುಂದೆ ಅಂಕಿ ಬಂದರೆ ಅಪಾಚಿ ಅದನ್ನು ರೀರೈಟ್‌ಕಾಂಡ್‌ನ ಹಿಂದಿನ ಹೊಂದಾಣಿಕೆಯೆಂದು ಓದುತ್ತದೆ. ‘ಕ’ದ ಕೊನೆಯ ‘%95’ರಲ್ಲಿ ‘%9’ ಮಾಯವಾಗಿ ಬರಿಯ 5 ಉಳಿಯುತ್ತದೆ. ಅಂಥ ಕಡೆ ಶೇಕಡಾ ಚಿಹ್ನೆಯ ಹಿಂದೆ ಬ್ಯಾಕ್‌ಸ್ಲ್ಯಾಷ್ ಹಾಕಬೇಕು. ಕನ್ನಡದ ಎಷ್ಟೋ ಅಕ್ಷರಗಳಿಗೆ ಹೀಗೆ ಮಾಡುವ ತಾಳ್ಮೆ ನನಗಿಲ್ಲ, ಆದ್ದರಿಂದ ಹೊಸ ವಿಳಾಸಗಳನ್ನು ಕನ್ನಡದಲ್ಲೇ ಬರೆದು, ಸುತ್ತುವ ಕೆಲಸವನ್ನು ಅಪಾಚಿಗೇ ಬಿಡುತ್ತೇನೆ.

ಕಡತಪಾಲಕ

ಆ ಏಳು ಬರಹಗಳಿಗೆ 451 ಕೊಡಬಹುದಲ್ಲವೇ ಎಂದು ಯಾರೂ ಕೇಳಲಿಲ್ಲ, ಆದರೆ ಕೇಳುವವರು ಬಂದೇ ಬರುತ್ತಾರೆ. ಕೊಡಕೂಡದು. ಫೆಬ್ರವರಿ 2016ರ ಆರ್‌ಎಫ್‌ಸಿ 7725 ಆ ಸಂಕೇತವನ್ನು ಕಾನೂನಿನ ಬೇಡಿಕೆಯಿಂದ ತಡೆಹಿಡಿದ ಪುಟಗಳಿಗೆಂದು ಮೀಸಲಿಟ್ಟಿದೆ. ಲೇಖಕರು ಮನಸ್ಸು ಬದಲಾಯಿಸುವುದು ಕಾನೂನಿನ ಬೇಡಿಕೆಯಲ್ಲ, ಅಲ್ಲಿ 410 ಸಾಕು.

ನ್ಯಾಯಾಲಯದ ಆದೇಶದಿಂದ ತೆಗೆದ ಪುಟವಿದ್ದರೆ 451 ಸರಿಯಾದ ಉತ್ತರ. ಯಾರ ಬೇಡಿಕೆ, ಯಾವ ಕಾನೂನು ಎಂಬುದನ್ನು ಪುಟದಲ್ಲಿ ವಿವರಿಸಬೇಕೆಂದು ಆ ನಿಯಮ ಸೂಚಿಸುತ್ತದೆ. ನಮ್ಮ ದೇಶದಲ್ಲಿ ಇಲ್ಲೊಂದು ತೊಡಕಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ವಿಧಿಯಡಿ ಬರುವ ತಡೆ ನಿರ್ದೇಶನಗಳಿಗೆ 2009ರ ನಿಯಮಗಳ 16ನೆಯ ನಿಯಮ ಗೋಪ್ಯತೆ ವಿಧಿಸುತ್ತದೆ. ಆದ್ದರಿಂದ ವಿವರಣೆಯ ಸಾಲನ್ನು ಬರೆಯುವ ಮುನ್ನ ವಕೀಲರಿಗೆ ತೋರಿಸಿ. ಹಾಗೆಯೇ ಓದುಗರೊಬ್ಬರು ತಮ್ಮ ಹೆಸರು, ಫೋನ್ ಸಂಖ್ಯೆ ಇರುವ ಹಳೆಯ ಪ್ರಕಟಣೆಯನ್ನು ಅಳಿಸಿ ಎಂದು ಕೇಳಿದರೆ, ಅಲ್ಲಿ ವೀರಗಲ್ಲಿನ ಪುಟ ನಿಲ್ಲಿಸಬೇಡಿ. ಅವರು ಅಳಿಸಲು ಕೇಳಿದ ಹೆಸರನ್ನೇ ಕಲ್ಲಿನ ಮೇಲೆ ಕೆತ್ತಿದಂತಾಗುತ್ತದೆ. ವಿಳಾಸದಲ್ಲೇ ಆ ಹೆಸರಿದ್ದರೆ ಮ್ಯಾಪ್ ಕಡತವನ್ನು ಸಾರ್ವಜನಿಕ ಗಿಟ್ ಭಂಡಾರದಲ್ಲಿ ಇಡದಂತೆಯೂ ಎಚ್ಚರ ವಹಿಸಿ.

ಅವಸರವಿದ್ದರೆ ಸರ್ಚ್ ಕನ್ಸೋಲಿನಲ್ಲಿ ತೆಗೆದುಹಾಕುವ ಕೋರಿಕೆಯನ್ನೂ ಸಲ್ಲಿಸಬಹುದು. ಅದು ಸುಮಾರು ಆರು ತಿಂಗಳ ಮರೆ ಅಷ್ಟೇ. ಹಿಂದೆ ನಿಜವಾದ 404 ಅಥವಾ 410 ಇಲ್ಲದಿದ್ದರೆ ಅವಧಿ ಮುಗಿದ ಮೇಲೆ ಪುಟ ಮತ್ತೆ ಕಾಣಬಹುದು.

ರಾತ್ರಿಪಾಳಿ

ತುಂಗಾತೀರ ಅವರೇ, ಚಾಲನೆಗೆ ಕೊಡುವ ಮುನ್ನ ಎರಡು ಮಾತು. 301 ಮತ್ತು 410 ಎರಡನ್ನೂ, ಬೇರೆ ಸೂಚನೆಯಿಲ್ಲದಿದ್ದರೆ, ಕ್ಯಾಶ್ ಮಾಡಿಟ್ಟುಕೊಳ್ಳಲು ನಿಯಮ ಅನುಮತಿಸುತ್ತದೆ. ತಪ್ಪು 301 ಒಮ್ಮೆ ಓದುಗರ ಬ್ರೌಸರಿನಲ್ಲಿ ಕೂತರೆ ನೀವು ಸರ್ವರಿನಲ್ಲಿ ತಿದ್ದಿದರೂ ಅವರಿಗೆ ತಿಳಿಯದು, ಏಕೆಂದರೆ ಬ್ರೌಸರ್ ನಿಮ್ಮನ್ನು ಕೇಳುವುದೇ ಇಲ್ಲ. ಮೊದಲ ವಾರ 302 ಇಟ್ಟು ಪರೀಕ್ಷಿಸಿ, ಅಥವಾ 301ರ ಜೊತೆ ಕ್ಯಾಶ್-ಕಂಟ್ರೋಲ್ ಹೆಡರಿನಲ್ಲಿ ಒಂದು ಗಂಟೆಯ ಅವಧಿ ಕೊಡಿ. ‘ಆಡ್_ಹೆಡರ್’ ಬಳಸಿ 410ಕ್ಕೂ ಹೆಡರ್ ಸೇರಿಸುವುದಿದ್ದರೆ ಕೊನೆಗೆ ‘ಆಲ್ವೇಸ್’ ಎಂದು ಬರೆಯಬೇಕು, ಇಲ್ಲದಿದ್ದರೆ ದೋಷ ಸಂಕೇತಗಳಿಗೆ ಅದು ಅಂಟುವುದಿಲ್ಲ.

ಪರೀಕ್ಷೆ ಬ್ರೌಸರಿನಲ್ಲಿ ಬೇಡ, ಆದೇಶಸಾಲಿನ ಸಾಧನವಾದ ಕರ್ಲ್‌ನಲ್ಲಿ ಮಾಡಿ. ‘ಕರ್ಲ್ -ಐ’ ಪುಟ ಬಿಟ್ಟು ಹೆಡರ್‌ಗಳನ್ನಷ್ಟೇ ಕೇಳುವ ಹೆಡ್ ಕೋರಿಕೆ ಕಳುಹಿಸುತ್ತದೆ. ಸ್ಥಿರ ತಾಣಕ್ಕೆ ಅದು ಸಾಕು. ಸರಪಳಿಯನ್ನೂ ನೋಡಿ: ಎಚ್‌ಟಿಟಿಪಿಯಿಂದ ಎಚ್‌ಟಿಟಿಪಿಎಸ್‌ಗೆ, ಅಲ್ಲಿಂದ ತ್ರಿಡಬ್ಲ್ಯೂ ಇಲ್ಲದ ಹೆಸರಿಗೆ, ಅಲ್ಲಿಂದ 2014ರ ವಿಳಾಸಕ್ಕೆ, ಅಲ್ಲಿಂದ ಹೊಸದಕ್ಕೆ ಎಂದು ನಾಲ್ಕು ಜಿಗಿತ ಆಗಿಬಿಟ್ಟಿರುತ್ತದೆ. ಗೂಗಲ್‌ನ ಬಾಟ್ 10 ಜಿಗಿತದವರೆಗೆ ಹಿಂಬಾಲಿಸುತ್ತದೆ, ಆದರೆ ಹಳ್ಳಿಯ ಮೊಬೈಲ್ ಸಂಪರ್ಕದಲ್ಲಿ ಓದುವವರಿಗೆ ಪ್ರತಿ ಜಿಗಿತವೂ ಕಾಯುವಿಕೆ. ‘?ಪಿ=412’ ನೇರವಾಗಿ ಕೊನೆಯ ವಿಳಾಸಕ್ಕೇ ಹೋಗಲಿ.

ತುಂಗಾತೀರ

ಮೂರು ವಾರ ಕಳೆದವು, ವರದಿ ಒಪ್ಪಿಸುತ್ತಿದ್ದೇನೆ. ಸಂಪಾದಕರೊಂದಿಗೆ ಎರಡು ಭಾನುವಾರ ಕೂತು ಪಟ್ಟಿ ವಿಂಗಡಿಸಿದೆವು. 1,240 ವಿಳಾಸಗಳಿಗೆ 301, ಸುಮಾರು 600ಕ್ಕೆ 410, ಉಳಿದವು ಏನೆಂದು ಇಬ್ಬರಿಗೂ ನೆನಪಾಗದ್ದರಿಂದ 404. ಏಳು ಬರಹಗಳ ಪೈಕಿ ಐದಕ್ಕೆ ಹಿಂತೆಗೆದ ಸೂಚನೆಯ ಪುಟವಿದೆ. ಇಬ್ಬರು ಲೇಖಕರು ಅದೂ ಬೇಡ ಎಂದರು, ಅಲ್ಲಿ ಸಾಮಾನ್ಯ 410 ಮಾತ್ರ. ಹೆಸರಿಟ್ಟ ಲೊಕೇಶನ್ ಹಾಕಿದ ಕೂಡಲೇ ನಮ್ಮ ಪುಟ ಕಾಣಿಸಿತು. ಸಾಫ್ಟ್ 404 ಪಟ್ಟಿ ಇಳಿಯತೊಡಗಿದೆ.

ನಡುವೆ ವಿಚಿತ್ರವೊಂದು ಸಿಕ್ಕಿತು. ‘ತೀರ್ಥಹಳ್ಳಿಯ ಹಳೆಯ ಸಂತೆ ಭಾಗ 1’, ‘ಭಾಗ 2’, ‘ಭಾಗ 3’ ಎಂಬ ಧಾರಾವಾಹಿಯ ವಿಳಾಸಗಳೆಲ್ಲ ‘ತೀರ್ಥಹಳ್ಳಿಯ-ಹಳೆಯ-ಸಂತೆ-ಭಾ’ ಎಂದೇ ಮುಗಿಯುತ್ತಿದ್ದವು, ಮುಂದೆ ಒಂದಕ್ಕೆ -2, ಇನ್ನೊಂದಕ್ಕೆ -3. ನಾನು ಯಾರದೋ ಬೆರಳಚ್ಚಿನ ದೋಷವೆಂದುಕೊಂಡು ಮ್ಯಾಪಿನಲ್ಲಿ ‘ಭಾಗ’ ಎಂದು ತಿದ್ದಿದೆ, ಮೂರೂ 404 ಆದವು.

ಕಪ್ಪುಪರದೆ

ದೋಷವಲ್ಲ, ವರ್ಡ್‌ಪ್ರೆಸ್‌ನ ಮಿತಿ. ಅದು ವಿಳಾಸದ ತುಂಡನ್ನು ಶೇಕಡಾ ರೂಪದಲ್ಲೇ 200 ಅಕ್ಷರಕ್ಕೆ ಕತ್ತರಿಸುತ್ತದೆ. ಕನ್ನಡದ ಲೆಕ್ಕದಲ್ಲಿ ಹೆಚ್ಚೆಂದರೆ 22 ಅಂಶ. ನಿಮ್ಮ ಶೀರ್ಷಿಕೆ ‘ಭಾ’ದವರೆಗೆ 21 ಅಂಶ ಮತ್ತು 3 ಅಡ್ಡಗೆರೆ, ಅಂದರೆ 192 ಅಕ್ಷರ, ‘ಗ’ ಸೇರಿದರೆ 201. ಅದಕ್ಕೇ ಗಕಾರ ಬಿದ್ದುಹೋಗಿದೆ, ಭಾಗದ ಅಂಕಿಯೂ ಅದರ ಜೊತೆ ಹೋಗಿದೆ. -2, -3 ಎಂಬವು ಪ್ರಕಟಿಸಿದ ಕ್ರಮದಲ್ಲಿ ಬಿದ್ದವು, ಭಾಗದ ಸಂಖ್ಯೆಯೇ ಆಗಿರಬೇಕೆಂದಿಲ್ಲ. ಹಳೆಯ ದತ್ತಾಂಶಕೋಶದ ಪೋಸ್ಟ್_ನೇಮ್ ಕಲಮಿನಿಂದಲೇ ಪಟ್ಟಿ ತೆಗೆಯಿರಿ, ಶೀರ್ಷಿಕೆಯಿಂದ ಊಹಿಸಬೇಡಿ.

ತುಂಗಾತೀರ

ಹೌದು, ಪೋಸ್ಟ್_ನೇಮ್ ನೋಡಿದರೆ -2 ಎಂಬುದು ಮೂರನೆಯ ಭಾಗ. ಎರಡನೆಯ ಭಾಗವನ್ನು ಆಗ ತಡವಾಗಿ ಏರಿಸಿದ್ದೆವು. ಸರಿಪಡಿಸಿದೆ.

ನಿನ್ನೆಯ ಲಾಗಿನಲ್ಲಿ ಇದೇ ಧಾರಾವಾಹಿಗೆ ‘ಭಾಗ’ ಎಂದು ಪೂರ್ತಿ ಬರೆದ ಒಂದು ಕೋರಿಕೆ ಬಂದು 404 ಪಡೆದಿದೆ, ಯಾವ ತಾಣದಿಂದ ಬಂದದ್ದೆಂಬ ಗುರುತೂ ಇಲ್ಲ. ಸಂಪಾದಕರು ಹಳೆಯ ಸಂಚಿಕೆ ತೆರೆದು ತೋರಿಸಿದರು: ಅಚ್ಚಿನಲ್ಲಿ ವಿಳಾಸ ಪೂರ್ತಿಯಾಗಿಯೇ ಇದೆ, ಮೊಳೆ ಜೋಡಿಸಿದವರೂ ನನ್ನಂತೆಯೇ ತಿದ್ದಿಬಿಟ್ಟಿದ್ದಾರೆ. ಯಾರೋ ಆ ಪುಟವನ್ನು ಮುಂದಿಟ್ಟುಕೊಂಡು ಒಂದೊಂದೇ ಅಕ್ಷರ ಬೆರಳಚ್ಚಿಸಿರಬೇಕು. ಎಂದೂ ಇರದಿದ್ದ ಆ ವಿಳಾಸಕ್ಕೂ ಮ್ಯಾಪಿನಲ್ಲಿ ಒಂದು ಸಾಲು ಸೇರಿಸಿದ್ದೇನೆ.